ಒಳಗಿನ ಎಂಜಿನ್ನು, ಹೊರಗಿನ ಎಂಜಿನ್ನು

"ಗುರುಗಳೇ, ದೋಣಿಗೆ ಎಂಜಿನ್ನು ಹೊರಗೆ ನೇತಾಡೂದು ಒಳ್ಳೇದಾ, ಒಳಗೆ ಕೂರೂದು ಒಳ್ಳೇದಾ?"

ಕೇಳಿದವ ದಾಮು. ದಾಮೋದರ ಅಂಬಿಗ. ಕೇಳಿದ್ದು ಭಜನಾ ಮಂದಿರದ ಜಗಲಿಯಲ್ಲಿ, ದೀಪ ಹಚ್ಚುವ ಹೊತ್ತಿಗೆ ಸ್ವಲ್ಪ ಮುಂಚೆ.

ಗುರುಗಳು ಅಂದ್ರೆ ಮಠದ ಗುರುಗಳಲ್ಲ. ನಮ್ಮೂರ ಗಂಡಸರಿಗೆಲ್ಲ ತಾಳ ಹಿಡಿಯೋಕೆ ಕಲಿಸಿದವರು. ದಾಮುಗೂ ಅವರೇ ಕಲಿಸಿದ್ದು. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡೂದು ಮಾತ್ರ ಅವರ ಜಾಯಮಾನದಲ್ಲೇ ಇಲ್ಲ. ಹೆಂಡತಿ ಜಗಳ ಮಾಡಿ ತವರಿಗೆ ಹೋದ್ಲು ಅಂತ ಒಬ್ಬ ಬಂದು ಅತ್ತರೆ ಅವನಿಗೊಂದು ಆಮೆ ಕತೆ ಹೇಳಿ ಕಳಿಸಿದ್ರು. ಅವ ಆಮೆ ಹೆಸರಲ್ಲಿ ಗುರುಗಳಿಗೆ ಬೈಕೊಂಡೇ ಹೋದ. ಮಾರನೇ ದಿನ ನೋಡಿದ್ರೆ ಹೆಂಡತಿಯನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಬರ್ತಾ ಇದ್ದ.

ನಮ್ಮ ಅಂಗಳಕ್ಕೂ ಮಂದಿರಕ್ಕೂ ನಡುವೆ ಒಂದು ಬೇಲಿ. ಬೇಲಿ ಅಂತ ಹೆಸರಿಗೆ. ಈಚೆ ನಾವು ಹೆಂಗಸರು ಬಳಚು ಬಿಡಿಸ್ತಾ ಕೂತಿದ್ದೆವು. ಬಳಚು ನದಿ ಮರಳಲ್ಲಿ ಸಿಗುವ ಚಿಪ್ಪು. ಬಿಸಿನೀರಿಗೆ ಹಾಕಿದ್ರೆ ತಾನಾಗಿ ಬಾಯಿ ಬಿಡ್ತದೆ. ದಾಮುಗೆ ಬಿಸಿನೀರೂ ಬೇಡ.

ಅವನ ಹೊಸ ದೋಣಿ ತೆಂಗಿನ ಮರದಡಿ ಮಲಗಿತ್ತು. ಬಣ್ಣ ಆಗಿತ್ತು, ಹೆಸರು ಬರೆಸಿ ಆಗಿತ್ತು. ಹಿಂದಿನ ಹಲಗೆ ಮೇಲೆ ಆಚಾರಿ ಪೆನ್ಸಿಲಲ್ಲಿ ಒಂದು ದುಂಡು ಗೆರೆ ಎಳೆದಿಟ್ಟಿದ್ರು. ಎಂಜಿನ್ನು ಒಳಗೆ ಬರೂದಾದ್ರೆ ಅಲ್ಲಿ ತೂತು ಕೊರೀಬೇಕು. ಹೊರಗೆ ಬರೂದಾದ್ರೆ ಗೆರೆ ಅಳಿಸಿದ್ರೆ ಆಯ್ತು. ಆಚಾರಿ ಬಂದು ಬಂದು ಸಾಕಾಗಿ, "ನಾಳೆ ಬೆಳಿಗ್ಗೆ ಕಡೇ ಸಲ ಬರ್ತೇನೆ ಮಾರಾಯಾ. ಕೊರಿ ಅಂದ್ರೆ ಕೊರೀತೇನೆ, ಬೇಡ ಅಂದ್ರೆ ಚಾ ಕುಡ್ದು ಹೋಗ್ತೇನೆ" ಅಂದಿದ್ರು.

ದಾಮು ಕೇಳದೇ ಉಳಿದ ಜನ ಇಲ್ಲ. ಗೋವಾದಲ್ಲಿ ಪ್ರವಾಸಿಗರ ಬೋಟು ಓಡಿಸುವ ಭಾವನನ್ನ ಕೇಳಿದ. ಭಾವ ಒಳಗೆ ಅಂದ. ಮೀನು ಇಳಿಸುವ ದಕ್ಕೆಯಲ್ಲಿ ಮೀನಿನವರನ್ನ ಕೇಳಿದ. ಅವರೆಲ್ಲ ಹೊರಗೆ ಅಂದ್ರು. ಸಲೂನಿನವನನ್ನೂ ಕೇಳಿದ. ಅವ ಮೀಸೆ ಇಟ್ಕೊ ಅಂದ.

ನಗೂದಕ್ಕೆ ಆಯ್ತು, ಆದ್ರೆ ನಮಗೂ ಇದು ನಗುವ ಸಂಗತಿ ಅಲ್ಲ. ನದಿ ನಡುವೆ ನೀರು ಇಳಿದಾಗ ಒಂದು ಮರಳು ದಿಬ್ಬ ಏಳ್ತದೆ. ನೀರು ಏರಿದ್ರೆ ದಿಬ್ಬ ಇತ್ತು ಅನ್ನೂದಕ್ಕೆ ಗುರುತೂ ಇರೂದಿಲ್ಲ. ಬಳಚು ಇರೂದು ಅಲ್ಲಿ. ಅಲ್ಲಿಗೆ ದೋಣಿಯಲ್ಲಿ ಹೋಗ್ಬೇಕು, ಇಳೀಬೇಕು. ದೋಣಿ ಅಲ್ಲೇ ನಿಂತ್ರೆ ಮರಳಿಗೆ ಕೂತು ಬಿಡ್ತದೆ. ಅದಕ್ಕೆ ದೋಣಿಯವ ನಮ್ಮನ್ನ ಇಳಿಸಿ ಬೇರೆ ಕೆಲಸಕ್ಕೆ ಹೋಗ್ತಾನೆ, ನೀರು ಏರುವ ಮುಂಚೆ ಬಂದು ಹತ್ತಿಸ್ಕೊಳ್ತಾನೆ. ಇಷ್ಟು ವರ್ಷ ಗಣಪಿಯ ಗಂಡ ಬೀರಣ್ಣ ಒಯ್ತಿದ್ದ. ಅವ ತೀರಿ ಹೋದ ಮೇಲೆ ಸಿಕ್ಕಿದವರ ದೋಣಿ ಹತ್ತಿ ಸಾಕಾಗಿ ಹೆಂಗಸರೆಲ್ಲ ಸೇರಿ ದಾಮುಗೆ ಒಪ್ಪಿಸಿದ್ದು. ಅಂದ್ರೆ ನಮ್ಮ ಜೀವ ಆ ಹಿಂದಿನ ಹಲಗೆಗೆ ಕಟ್ಟಿತ್ತು ಅಂತ ಲೆಕ್ಕ.

ಗಣಪಿ ನನ್ನ ಪಕ್ಕದಲ್ಲೇ ಕೂತಿದ್ಲು. ಬೀರಣ್ಣ ಇರುವಾಗ ಅವಳೂ ದಿನಾ ನಮ್ಮ ಜೊತೆ ದಿಬ್ಬಕ್ಕೆ ಬರ್ತಿದ್ಲು. ಬುಟ್ಟಿ ಕವುಚಿ ಹಾಕಿ ಅದರ ಮೇಲೆ ಕೂತು ಎಲೆ ಅಡಿಕೆ ಜಗೀತಿದ್ಲು. ಬಳಚು ಹೆಕ್ಕಿದ್ದು ಕಡಿಮೆ, ಊರವರ ಬಣ್ಣ ಬಯಲು ಮಾಡಿದ್ದೇ ಜಾಸ್ತಿ. ಇವಳು ದಿಬ್ಬಕ್ಕೆ ಬರೂದಾದ್ರೂ ಯಾಕೆ, ಮನೆಯಲ್ಲಿ ಕೂತು ಜಗಿದ್ರೆ ಆಗೂದಿಲ್ವಾ ಅಂತ ನಾವು ಎಷ್ಟು ಆಡ್ಕೊಂಡು ನಕ್ಕಿದ್ದೇವೆ.

ದಾಮುನ ಹೆಂಡತಿ ನಾಗವೇಣಿ ಮಾತ್ರ ಈಗ ಬೇಲಿ ಈಚೆಗೂ ಬರೂದಿಲ್ಲ, ದಿಬ್ಬಕ್ಕೂ ಬರೂದಿಲ್ಲ. ಮೊದಲು ಅವಳ ಕೈಯಷ್ಟು ಚುರುಕು ಕೈ ಯಾರದ್ದೂ ಇರ್ಲಿಲ್ಲ. ದೋಣಿ ಕಟ್ಟಿಸೋಕೆ ಶುರು ಮಾಡಿದ ದಿನದಿಂದ ದಾಮು, "ದೋಣಿ ಯಜಮಾನನ ಹೆಂಡತಿ ಕೆಸರಲ್ಲಿ ಕೂರೂದಾ? ಜನ ಎಂತ ಹೇಳ್ತಾರೆ?" ಅಂತ ಅವಳ ಬುಟ್ಟಿ ಅಟ್ಟಕ್ಕೆ ಹಾಕಿದ. ಈಗ ಅವಳ ಕಾಲುಗುರಿಗೆ ಕೆಂಪು ಬಣ್ಣ. ಜನ ಎಂತ ಹೇಳ್ತಾರೆ ಅಂತ ಹೆದರಿದನಲ್ಲ, ಜನ ಇದನ್ನೇ ಹೇಳ್ತಾರೆ.

ಇರ್ಲಿ. ಗುರುಗಳು ದಾಮುನ ಮುಖ ನೋಡಿ, "ನೀನೇ ಹೇಳು ತಮಾ. ಎರಡೂ ಹೇಗೆ?" ಅಂದ್ರು.

ದಾಮುಗೆ ಅಷ್ಟೇ ಬೇಕಿತ್ತು. ಮೊಬೈಲು ತೆಗೆದು ಚಿತ್ರ ತೋರಿಸ್ತಾ ಶುರು ಮಾಡಿದ. "ನೋಡಿ ಗುರುಗಳೇ, ಇದು ಔಟ್‌ಬೋರ್ಡು. ಇಡೀ ಎಂಜಿನ್ನು ಹಿಂದಿನ ಹಲಗೆಗೆ ಹೊರಗಿಂದ ನೇತು ಹಾಕೂದು. ಮರಳು ಸಿಕ್ಕಿದ್ರೆ ಕೈಯಲ್ಲೇ ಮೇಲೆ ಮಡಚಬಹುದು. ಕೆಟ್ಟರೆ ಇಬ್ಬರು ಬಿಚ್ಚಿ ಹೊತ್ಕೊಂಡು ಮನೆಗೆ ತರಬಹುದು. ಆದ್ರೆ ಕೂಗಾಟ ಜಾಸ್ತಿ. ಹಿಂದಿನ ಜಾಗ ಎಲ್ಲ ಅದೇ ತಿಂತದೆ."

"ಇದು ಸ್ಟರ್ನ್‌ಡ್ರೈವು. ಎಂಜಿನ್ನು ದೋಣಿ ಹೊಟ್ಟೆಯಲ್ಲಿ, ಪೆಟ್ಟಿಗೆ ಒಳಗೆ. ಕಾಲು ಮಾತ್ರ ಹಲಗೆಯ ತೂತಿಂದ ಹೊರಗೆ, ಅದರ ತುದಿಗೆ ನೀರು ತಳ್ಳುವ ಫ್ಯಾನು. ಶಬ್ದ ಇಲ್ಲ. ಭಾರ ಎಳೀತದೆ. ಹಿಂದೆ ಜಾಗ ಖಾಲಿ, ಹೆಂಗಸರು ಬುಟ್ಟಿ ಸಮೇತ ನೀರಿಂದ ಸೀದಾ ಹತ್ತಬಹುದು. ತೂತಿಗೆ ರಬ್ಬರಿನ ಚೀಲ ಹಾಕಿರ್ತಾರೆ, ನೀರು ಬರೂದಿಲ್ಲ. ರಬ್ಬರು ಹರಿದ್ರೆ ಮಾತ್ರ ಕಷ್ಟ. ಕಾಲು ಪೂರ್ತಿ ನೀರಿಂದ ಮೇಲೆ ಬರೂದಿಲ್ಲ, ಉಪ್ಪು ನೀರು ತಿಂತದೆ."

ಗಣಪಿ ಬೇಲಿ ಈಚೆಯಿಂದಲೇ ಕೂಗಿದ್ಲು. "ಹೊಟ್ಟೆ ಒಳಗೆ ಎಂಜಿನ್ನು, ಕಾಲು ಮಾತ್ರ ಹೊರಗೆ! ಅದು ನಮ್ಮ ಅಳಿಯನ ಹಾಗೇ ಆಯ್ತಲ್ಲೋ. ಉಂಡು ಒಳಗೆ ಮಲಗಿರ್ತಾನೆ, ಕಾಲು ಮಾತ್ರ ಹೊಸಿಲಾಚೆ."

"ಅಜ್ಜೀ, ನಿನಗೆ ಎಂಜಿನ್ನಿನ ಸುದ್ದಿ ಯಾಕೆ?" ಅಂದ ದಾಮು.

"ನನಗೆ ಯಾಕೋ? ಮುಳುಗುವಾಗ ನಿನ್ನ ಭಾವ ಗೋವಾದಲ್ಲಿರ್ತಾನೆ. ನಾವು ದಿಬ್ಬದಲ್ಲಿ."

ಗುರುಗಳು ನಗ್ಲಿಲ್ಲ. ಹೆಗಲ ಮೇಲಿನ ಬೈರಾಸು ತೆಗೆದು ಜಗಲಿ ಮೇಲೆ ಮಡಚಿಟ್ಟು, "ಒಬ್ಬ ದೋಣಿಯವ ಇದ್ದ" ಅಂದ್ರು.

ಅವರು ಕತೆ ಶುರು ಮಾಡಿದ್ರೆ ನಡುವೆ ಯಾರೂ ಬಾಯಿ ಹಾಕೂದಿಲ್ಲ. ನಮ್ಮ ಕೈಯಲ್ಲಿ ಬಳಚು, ಕಿವಿ ಬೇಲಿಯಲ್ಲಿ. ಅವರು ಹೇಳಿದ ಹಾಗೇ ಹೇಳ್ತೇನೆ, ನನ್ನ ಉಪ್ಪು ಖಾರ ಸೇರಿಸೂದಿಲ್ಲ.

ಒಬ್ಬ ದೋಣಿಯವ ಇದ್ದ. ಅವನ ಊರಲ್ಲೂ ಒಂದು ನದಿ, ನದಿಯಲ್ಲಿ ಒಂದು ದಿಬ್ಬ. ಅವ ಹೆಂಗಸರನ್ನ ದಿಬ್ಬಕ್ಕೆ ಬಿಡ್ತಿದ್ದ, ಕರ್ಕೊಂಡು ಬರ್ತಿದ್ದ.

ಆ ಊರಲ್ಲಿ ಒಂದು ಕಟ್ಟಳೆ ಇತ್ತು. ದಿಬ್ಬಕ್ಕೆ ಜನ ಬಿಡುವ ದೋಣಿಯವ ತನ್ನ ಮನೆಯವರು ಒಬ್ಬರನ್ನ ಅವರ ಜೊತೆ ಇಳಿಸಿ ಹೋಗ್ಬೇಕು. ಯಾಕೆ ಅಂತ ಯಾರೂ ಹೇಳ್ತಿರ್ಲಿಲ್ಲ. ಯಾರೂ ಕೇಳ್ತಾನೂ ಇರ್ಲಿಲ್ಲ. ಅವನ ಮನೆಯಲ್ಲಿ ಇದ್ದದ್ದು ಅಮ್ಮ ಒಬ್ಬಳೇ. ಅಮ್ಮ ಇಳೀತಿದ್ಲು. ಅವಳಿಗೆ ಬಗ್ಗೋಕೆ ಆಗ್ತಿರ್ಲಿಲ್ಲ. ಒಂದು ಕಡೆ ಕೂತಿರ್ತಿದ್ಲು.

ಅವನ ದೋಣಿಗೆ ಹೊರಗಿನ ಎಂಜಿನ್ನು. ಅದು ಕೆಮ್ಮುತ್ತಿತ್ತು, ಕೂಗುತ್ತಿತ್ತು. ಎರಡು ದಡಕ್ಕೂ ಕೇಳ್ತಿತ್ತು. ದಿಬ್ಬದಲ್ಲಿದ್ದ ಹೆಂಗಸರು ಆ ಕೆಮ್ಮು ಕೇಳಿದ ಮೇಲೆ ಬುಟ್ಟಿ ತೊಳೀತಿದ್ರು. ಅಲ್ಲಿವರೆಗೆ ತಲೆ ಎತ್ತುತ್ತಿರ್ಲಿಲ್ಲ.

ಒಂದು ದಿನ ಅವ ಹೆಂಗಸರನ್ನ ಬಿಟ್ಟು ಅಳಿವೆಗೆ ಹೋದ. ನದಿ ಸಮುದ್ರ ಸೇರುವ ಬಾಯಿಗೆ. ಬಲೆ ಹಾಕಿದ, ಬಲೆ ಎಳೆದ. ನೀರು ತಿರುಗಿತು. ಸಮುದ್ರ ಒಳಗೆ ಬರೋಕೆ ಶುರುವಾಯ್ತು. ಅವ ಎಂಜಿನ್ನಿನ ಹಗ್ಗ ಎಳೆದ. ಎಂಜಿನ್ನು ಕೂಗಿತು. ಮುಂದೆ ಸ್ವಲ್ಪ ದೂರ ಹೋಗುವಾಗ ಯಾರೋ ಕಡಿದು ಬಿಟ್ಟ ಹಳೇ ಬಲೆ ಫ್ಯಾನಿಗೆ ಸುತ್ತಿತು. ಫ್ಯಾನನ್ನ ಹಿಡಿದಿಡುವ ಪಿನ್ನು ಮುರೀತು.

ಅವ ಎಂಜಿನ್ನು ಮೇಲೆ ಮಡಚಿದ. ಬಲೆ ಕೊಯ್ದ. ಬೇರೆ ಪಿನ್ನು ಹುಡುಕಿದ. ಇರ್ಲಿಲ್ಲ. ಮೊಳೆ ಹಾಕಿ ನೋಡಿದ. ಮೊಳೆ ಬಗ್ಗಿತು.

ಅವ ತಲೆ ಎತ್ತಿ ದಿಬ್ಬದ ಕಡೆ ನೋಡಿದ. ದಿಬ್ಬ ಸಣ್ಣ ಆಗಿತ್ತು.

ಅವನ ಕೈಯಲ್ಲಿ ಹುಟ್ಟು ಇರ್ಲಿಲ್ಲ. ಎಂಜಿನ್ನು ಇದ್ದವ ಹುಟ್ಟು ಯಾಕೆ ಇಟ್ಕೊಳ್ತಾನೆ? ಕೂರುವ ಹಲಗೆ ಕಿತ್ತ. ಮೊಳಕಾಲೂರಿ ಕೂತು ಹಲಗೆಯಲ್ಲಿ ನೀರು ಎಳೆದ. ದೋಣಿಗೆ ಹಿಂದೆ ಭಾರ, ಮುಂದೆ ಹಗುರ. ಮೂತಿ ಎತ್ಕೊಂಡು ಇದ್ದಲ್ಲೇ ಸುತ್ತಿತು. ಬಲೆ ನೀರಿಗೆ ಎಸೆದ. ಮೀನು ಎಸೆದ. ದೋಣಿ ಮತ್ತೂ ಸುತ್ತಿತು.

ಆಗ ಅವ ಎಂಜಿನ್ನಿನ ತಿರುಪು ಬಿಚ್ಚಿದ. ಎರಡೂ ತಿರುಪು. ಎರಡೂ ಕೈಯಲ್ಲಿ ಎತ್ತಿದ. ಬಿಟ್ಟುಬಿಟ್ಟ.

ಅದು ಅವನ ಬದುಕು. ನೀರು ಒಂದು ಸಲ ಗುಳು ಅಂತು. ಅಷ್ಟೇ.

ದೋಣಿ ನೆಟ್ಟಗಾಯ್ತು. ಅವ ಎಳೆದ. ಸಮುದ್ರ ಅವನ ಬೆನ್ನಿಗೆ ಬಂದು ನೂಕಿತು. ಅವ ದಿಬ್ಬ ಮುಟ್ಟುವಾಗ ಹೆಂಗಸರು ಸೊಂಟದವರೆಗೆ ನೀರಲ್ಲಿದ್ರು. ಅವರಲ್ಲಿ ಒಬ್ಬಳೂ ಅತ್ತಿರ್ಲಿಲ್ಲ. ಎಲ್ಲ ಅವನ ಅಮ್ಮನ ಮುಖ ನೋಡ್ತಾ ನಿಂತಿದ್ರು. ಅಮ್ಮ ಅಳಿವೆಯ ಕಡೆ ನೋಡ್ತಾ ನಿಂತಿದ್ಲು. ಅವಳ ಮುಖದಲ್ಲಿ ಹೆದರಿಕೆ ಇರ್ಲಿಲ್ಲ. ಬಸ್ಸಿಗೆ ಕಾಯುವವರ ಮುಖ ಇತ್ತು.

ಅವನ ಅಂಗೈಯಲ್ಲಿ ಚರ್ಮ ಉಳಿದಿರ್ಲಿಲ್ಲ. ಅವ ಅಮ್ಮನನ್ನ ಎತ್ತಿ ದೋಣಿಗೆ ಹಾಕುವಾಗ ಅವಳ ಸೀರೆಗೆ ರಕ್ತದ ಕೈ ಮೂಡಿತು. ಅವಳು ಆ ಸೀರೆ ತೊಳೆದ್ಲು. ಕೈ ಹೋಗ್ಲಿಲ್ಲ.

ಇಲ್ಲಿಗೆ ಬಂದು ಗುರುಗಳು ನಿಲ್ಲಿಸಿದ್ರು. ನೀರು ಕುಡಿದ್ರು. ನಮ್ಮ ಕಡೆ ಬಳಚು ಬಿಡಿಸುವ ಶಬ್ದ ಯಾವಾಗಲೋ ನಿಂತಿತ್ತು.

ದಾಮು ಮೆಲ್ಲಗೆ, "ಹಂಗಾದ್ರೆ ಹೊರಗಿನದ್ದೇ ಕೆಟ್ಟದ್ದು ಅಂತಾಯ್ತು. ಫ್ಯಾನಿಗೆ ಬಲೆ ಸಿಕ್ಕಿದ್ರೆ..." ಅಂದ.

"ಆ ಊರವರೂ ಅದನ್ನೇ ಹೇಳಿದ್ರು" ಅಂದ್ರು ಗುರುಗಳು.

ಊರವರು ಹೇಳಿದ್ರು: ಎಂಜಿನ್ನು ಕೈ ಕೊಟ್ಟಿತು. ಇನ್ನು ಮೇಲೆ ಕೈ ಕೊಡದ ಎಂಜಿನ್ನು ತಗೊ. ಬಳಚು ಕೊಳ್ಳುವ ವ್ಯಾಪಾರಿ ಒಬ್ಬ ಇದ್ದ. ಅವ ಒಳ್ಳೆಯವ. ತಾನೇ ಮುಂದೆ ನಿಂತು ಒಳಗಿನ ಎಂಜಿನ್ನು ಕೊಡಿಸಿದ. ದೋಣಿಯವ ಹಿಂದಿನ ಹಲಗೆ ಕೊರೆಸಿದ. ಎಂಜಿನ್ನು ಹೊಟ್ಟೆಯಲ್ಲಿ ಕೂತಿತು. ಪೆಟ್ಟಿಗೆಯ ಮುಚ್ಚಳ ಹಾಕಿದ ಮೇಲೆ ದೋಣಿಗೆ ಎಂಜಿನ್ನು ಇದೆ ಅಂತಲೇ ಗೊತ್ತಾಗ್ತಿರ್ಲಿಲ್ಲ. ಮೀನು ಹೋದ ಹಾಗೆ ಹೋಗ್ತಿತ್ತು. ಜನ ದಡದಲ್ಲಿ ನಿಂತು ನೋಡಿದ್ರು. ಗುಡಿಯಲ್ಲಿ ನಿಂತ ಹಾಗೆ ನಿಂತಿದ್ರು.

ದೋಣಿಯವ ಅಮ್ಮನಿಗೆ ಹೇಳಿದ: ಇನ್ನು ನೀನು ದಿಬ್ಬಕ್ಕೆ ಬರೂದು ಬೇಡ. ಈ ಎಂಜಿನ್ನು ಕೈ ಕೊಡೂದಿಲ್ಲ.

ಅಮ್ಮ ಮನೆಯಲ್ಲಿ ಕೂತ್ಲು.

ಹೆಂಗಸರು ಅವಳಿಲ್ಲದೇ ದೋಣಿ ಹತ್ತಿದ್ರು. ಕಟ್ಟಳೆ ಯಾಕೆ ಇತ್ತು ಅಂತ ಗೊತ್ತಿಲ್ಲದವರು, ಹೋದಾಗ ಕೇಳೂದಾದ್ರೂ ಎಂತ ಕೇಳ್ತಾರೆ?

ಮಳೆಗಾಲ ಹೋಯ್ತು, ಇನ್ನೊಂದು ಮಳೆಗಾಲ ಹೋಯ್ತು. ಎಂಜಿನ್ನು ಕೈ ಕೊಡ್ಲಿಲ್ಲ. ತೂತಿಗೆ ಹಾಕಿದ ರಬ್ಬರು ನೀರಿನಡಿ ಇತ್ತು. ಅದರ ಮೇಲೆ ಚಿಪ್ಪು ಕೂತಿತು. ಚಿಪ್ಪು ಉಜ್ಜಿ ಉಜ್ಜಿ ರಬ್ಬರು ತೆಳ್ಳಗಾಯ್ತು. ಶಬ್ದ ಮಾಡದ ಎಂಜಿನ್ನನ್ನ ಯಾರೂ ಬಗ್ಗಿ ನೋಡೂದಿಲ್ಲ.

ಒಂದು ದಿನ ಅವ ಹೆಂಗಸರನ್ನ ದಿಬ್ಬಕ್ಕೆ ಬಿಟ್ಟು ವ್ಯಾಪಾರಿಯ ಮೂಟೆ ಹಾಕ್ಕೊಂಡು ಆಚೆ ದಡಕ್ಕೆ ಹೋದ. ಮೂಟೆ ಇಳಿಸಿದ. ನೀರು ತಿರುಗಿತು. ಎಂಜಿನ್ನು ಹಾಕಿದ. ನದಿಯ ಕಾಲು ಭಾಗ ಬರುವಾಗ ಪೆಟ್ಟಿಗೆಯ ಸಂದಿಯಿಂದ ನೀರು ಬಂತು. ಮುಚ್ಚಳ ತೆಗೆದ. ಒಳಗೆ ನದಿ ಇತ್ತು. ಎಂಜಿನ್ನು ಅದರೊಳಗೆ ಮುಳುಗಿ ಕೂತಿತ್ತು.

ಅವ ನೀರು ಮೊಗೆದ. ಬಟ್ಟೆ ತುರುಕಿದ. ದೋಣಿ ಮುಳುಗಬಾರದು ಅಂತ ಜಲ್ಲೆ ಊರಿ ಆಚೆ ದಡಕ್ಕೇ ತಿರುಗಿಸಿ ಕಟ್ಟಿದ. ಮೆಕ್ಯಾನಿಕ್ಕಿಗೆ ಫೋನು ಮಾಡಿದ. ಬರ್ತೇನೆ ಅಂದ ಮೆಕ್ಯಾನಿಕ್ಕು. ಈಚೆ ದಡದ ದೋಣಿಯವರಿಗೆ ಫೋನು ಮಾಡಿದ. ಕೆಲವರು ಸಮುದ್ರದಲ್ಲಿದ್ರು, ಕೆಲವರು ಫೋನು ಎತ್ಲಿಲ್ಲ. ಮತ್ತೆ ಮಾಡಿದ. ಮತ್ತೆ ಮೊಗೆದ. ಅತ್ತ.

ಅವ ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ. ಅವನ ಜಾಗದಲ್ಲಿ ಯಾರಿದ್ರೂ ಅದನ್ನೇ ಮಾಡ್ತಿದ್ರು.

ದಿಬ್ಬದಲ್ಲಿ ಹೆಂಗಸರು ಕಿವಿ ಕೊಟ್ಟು ನಿಂತ್ರು. ಎಂಜಿನ್ನಿನ ಶಬ್ದ ಇಲ್ಲ. ಈ ಎಂಜಿನ್ನಿಗೆ ಶಬ್ದವೇ ಇಲ್ಲ. ಬರ್ತಾ ಅದೆಯಾ, ಬರ್ತಾ ಇಲ್ವಾ? ಗೊತ್ತಾಗೂದು ಹೇಗೆ? ಬಂದೇ ಬರ್ತದೆ ಅಂತ ಮತ್ತೊಂದು ಮುಷ್ಟಿ ಬಳಚು ಹೆಕ್ಕಿದ್ರು. ನೀರು ಪಾದಕ್ಕೆ ಬಂತು. ಮೊಳಕಾಲಿಗೆ ಬಂತು. ಆಗ ಅವರು ಒಬ್ಬರ ಮುಖ ಒಬ್ಬರು ನೋಡಿದ್ರು. ನೋಡೋಕೆ ಅಮ್ಮನ ಮುಖ ಅಲ್ಲಿ ಇರ್ಲಿಲ್ಲ. ಒಬ್ಬಳು ಅಳೋಕೆ ಶುರು ಮಾಡಿದ್ಲು. ಆಮೇಲೆ ಎಲ್ಲ ಅತ್ರು.

ಅಮ್ಮ ಮನೆ ಹಿಂದೆ ಬಟ್ಟೆ ಒಗೀತಿದ್ಲು. ಒಗೆಯುವ ಕಲ್ಲಿನ ಬುಡಕ್ಕೆ ನೀರು ಮುಟ್ಟಿತು. ಈ ಹೊತ್ತಿಗೆ ಹೆಂಗಸರು ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಬರಬೇಕಿತ್ತು. ಬರ್ಲಿಲ್ಲ. ಅವಳು ಎದ್ದು ನದಿ ಕಡೆ ಹೋದ್ಲು. ದಿಬ್ಬ ಇಲ್ಲ. ದಿಬ್ಬ ಇದ್ದಲ್ಲಿ ತಲೆಗಳು.

ಅವಳ ಅಂಗಳದಲ್ಲಿ ಒಂದು ಹಳೇ ಮರದ ಪಾತಿ ಕವುಚಿ ಬಿದ್ದಿತ್ತು. ಪಾತಿ ಅಂದ್ರೆ ಇಬ್ಬರು ಕೂರುವ ಸಣ್ಣ ದೋಣಿ. ಅವಳ ಗಂಡನ ಕಾಲದ್ದು. ಕೋಳಿಗಳು ಅದರಡಿ ಮೊಟ್ಟೆ ಇಡ್ತಿದ್ವು. ಬಗ್ಗೋಕೆ ಆಗದವಳು ಅದನ್ನ ಹೇಗೆ ಮಗುಚಿದ್ಲು, ಹೇಗೆ ನೀರಿಗೆ ಎಳೆದ್ಲು, ಯಾರೂ ನೋಡ್ಲಿಲ್ಲ. ಆಮೇಲೆ ನಾಲ್ಕು ಗಂಡಸರು ಅದನ್ನ ವಾಪಸು ತರುವಾಗ ನಡುವೆ ಇಳಿಸಿ ಉಸಿರು ತಗೊಂಡ್ರು. ಒಬ್ಬರ ಮುಖ ಒಬ್ಬರು ನೋಡಿದ್ರು.

ಅವಳು ಗಳ ಊರಿ ಹೋದ್ಲು. ಹೆಂಗಸರ ಕುತ್ತಿಗೆಗೆ ನೀರು ಬಂದಿತ್ತು. ಪಾತಿ ಕಂಡದ್ದೇ ಎಲ್ಲ ಅದರ ಮೇಲೆ ಬಿದ್ರು. ಅಮ್ಮ ಗಳ ಎತ್ತಿ ನೀರಿಗೆ ಫಟ್ ಅಂತ ಬಡಿದ್ಲು.

"ಹತ್ತಬೇಡಿ! ಹತ್ತಿದ್ರೆ ಮುಳುಗ್ತದೆ. ಅಂಚು ಹಿಡೀರಿ."

ಹಿಡಿದ್ರು. ಆಚೆ ಕೆಲವರು, ಈಚೆ ಕೆಲವರು. ಹಿಡಿಯೋಕೆ ಜಾಗ ಸಿಗದವಳು ಪಕ್ಕದವಳ ಸೊಂಟ ಹಿಡಿದ್ಲು.

ಆಮೇಲೆ ಅಮ್ಮ ಗಳ ನೀರಿಂದ ಮೇಲೆ ತೆಗೆದ್ಲು. ಮೊಳಕಾಲ ಮೇಲೆ ಅಡ್ಡ ಇಟ್ಕೊಂಡು ಕೂತ್ಲು.

ಅವಳು ಹುಟ್ಟು ಹಾಕ್ಲಿಲ್ಲ. ದಡ ನೋಡ್ಲಿಲ್ಲ. ಏರುವ ನೀರು ಸಮುದ್ರದಿಂದ ಊರಿನ ಕಡೆಗೇ ಹೋಗೂದು. ಮುಳುಗಿಸೋಕೆ ಬಂದ ನೀರೇ ಪಾತಿಯನ್ನ ಎತ್ಕೊಂಡಿತು. ಅಂಚು ಹಿಡಿದ ಅಷ್ಟು ಹೆಂಗಸರನ್ನೂ ಎತ್ಕೊಂಡಿತು. ಸದ್ದಿಲ್ಲದೆ ಎತ್ಕೊಂಡು ಹೋಯ್ತು. ದಡದಲ್ಲಿ ದನ ಮೇಯಿಸುವವ ಒಬ್ಬ ನೋಡಿದ. ನದಿ ನಡುವೆ ಒಬ್ಬ ಮುದುಕಿ ಕೈ ಕಟ್ಟಿ ಕೂತಿದ್ದಾಳೆ, ಅವಳ ಸುತ್ತ ತಲೆಗಳು ತೇಲ್ತಾ ಇವೆ, ಎಲ್ಲ ಒಟ್ಟಿಗೆ ಊರೊಳಗೆ ಬರ್ತಾ ಇವೆ. ಅವ ತಲೆಗೆ ಸುತ್ತಿದ ಬಟ್ಟೆ ತೆಗೆದು ಕೈಯಲ್ಲಿ ಹಿಡ್ಕೊಂಡು ನಿಂತ. ಯಾಕೆ ತೆಗೆದೆ ಅಂತ ಅವನಿಗೂ ಗೊತ್ತಿಲ್ಲ.

ನದಿ ತಿರುಗುವಲ್ಲಿ ಕಾಂಡ್ಲ ಗಿಡಗಳಿವೆ. ಉಪ್ಪು ನೀರಲ್ಲೇ ಬೇರು ಬಿಟ್ಟು ನಿಲ್ಲುವ ಗಿಡ. ನೀರು ಅವರನ್ನ ತಂದು ಆ ಬೇರುಗಳ ನಡುವೆ ಇಟ್ಟಿತು. ಒಬ್ಬಳೂ ಕಡಿಮೆ ಆಗಿರ್ಲಿಲ್ಲ.

ಮಗ ಯಾರದ್ದೋ ದೋಣಿ ಹತ್ತಿ ಬಂದ. ಕಾಂಡ್ಲದೊಳಗೆ ಕೆಸರಲ್ಲಿ ಓಡಿ ಬಂದ. ಅಮ್ಮನ ಕಾಲು ಹಿಡಿದ.

"ಅಮ್ಮಾ, ಎಂಜಿನ್ನು ಕೈ ಕೊಟ್ಟಿತು" ಅಂದ.

ಅಮ್ಮ ಸೆರಗು ಹಿಂಡ್ತಾ ಇದ್ಲು. ಹಿಂಡಿ ಮುಗಿಸಿದ್ಲು.

"ಅವತ್ತೂ ಕೈ ಕೊಟ್ಟಿತ್ತಲ್ಲೋ ಮಗಾ" ಅಂದ್ಲು.

ಗುರುಗಳು ಇಲ್ಲಿಗೆ ಮುಗಿಸಿದ್ರು.

ಜಗಲಿಯಲ್ಲಿ ದೀಪ ಇನ್ನೂ ಹಚ್ಚಿರ್ಲಿಲ್ಲ. ಹಚ್ಚುವವರು ಬೆಂಕಿಪೆಟ್ಟಿಗೆ ಹಿಡ್ಕೊಂಡೇ ನಿಂತಿದ್ರು. ಹೊರಗೆ ನದಿ ಏರ್ತಾ ಇತ್ತು. ದಿನಾ ಏರ್ತದೆ. ಅದು ಕಲ್ಲಿಗೆ ತಾಗುವ ಸದ್ದು ನಾನು ಹುಟ್ಟಿದಾಗಿಂದ ಕೇಳಿದ್ದೇನೆ, ಅವತ್ತು ಕೇಳಿದ ಹಾಗೆ ಕೇಳಿರ್ಲಿಲ್ಲ.

ನಾನು ಗಣಪಿ ಕಡೆ ನೋಡಿದೆ. ಗಣಪಿ ಜಗಿಯೂದು ನಿಲ್ಲಿಸಿದ್ಲು. ಕವುಚಿದ ಬುಟ್ಟಿ ಮೇಲೆ ಕೂತು, ಬಳಚು ಹೆಕ್ಕದೆ, ವರ್ಷಾನುಗಟ್ಟಲೆ ಅಳಿವೆ ಕಡೆ ಮುಖ ಮಾಡಿ ಜಗಿದ ಬಾಯಿ ಅದು. ನಾವು ಆಡ್ಕೊಂಡು ನಕ್ಕ ಬಾಯಿ.

ದಾಮು ಮೊಬೈಲು ಕೈಯಲ್ಲೇ ಹಿಡಿದಿದ್ದ. ಚಿತ್ರದ ಬೆಳಕು ಆರಿ ಹೋಗಿತ್ತು. ಶಾಲೆಯಲ್ಲಿ ಲೆಕ್ಕ ತಪ್ಪಿದವನ ಹಾಗೆ ಕೇಳಿದ. "ಹಂಗಾದ್ರೆ ಗುರುಗಳೇ... ನಾಳೆ ಆಚಾರಿ ಬರ್ತಾರೆ. ಎಂಜಿನ್ನು ಒಳಗೆ ಅಂತ ಹೇಳ್ಲಾ, ಹೊರಗೆ ಅಂತ ಹೇಳ್ಲಾ?"

ಗುರುಗಳು ಬೈರಾಸು ಕೊಡವಿ ಹೆಗಲಿಗೆ ಹಾಕ್ಕೊಂಡ್ರು. ಎದ್ದು ನಿಂತ್ರು.

"ಯಾವುದಾದ್ರೂ ಹೇಳು ತಮಾ, ದಿಬ್ಬದ ಮೇಲೆ ನಿನ್ನ ಮನೆಯವರು ಯಾರು ಕೂರ್ತಾರೆ?"